ಎರಡು ಮಗ್ಗ, ಒಂದು ಗೋಡೆ ಮತ್ತು ನನ್ನ ಭೌತಶಾಸ್ತ್ರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಚಲನೆಯ ಪಾಠ ಮಾಡಿದ ನನಗೆ ಚಲನೆ ಆಗಿಬರುವುದಿಲ್ಲ. ಬಸ್ಸು ಹತ್ತಿ ಹತ್ತು ನಿಮಿಷವಾದರೆ ಸಾಕು, ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ನಿಲ್ಲುತ್ತದೆ. ಪ್ರತಿ ವರ್ಷ ಒಂಬತ್ತನೆಯ ಇಯತ್ತೆಯ ಮಕ್ಕಳನ್ನು ಬಾದಾಮಿ, ಪಟ್ಟದಕಲ್ಲು ತೋರಿಸಲು ಕರೆದೊಯ್ಯುವಾಗ ಕಿಟಕಿ ಪಕ್ಕದ ಸೀಟನ್ನು ಮಕ್ಕಳು ತಾವಾಗಿಯೇ ನನಗೆ ಬಿಟ್ಟುಕೊಡುತ್ತಿದ್ದರು. ಅದು ಗುರುಭಕ್ತಿಯಲ್ಲ, ಹಿಂದಿನ ವರ್ಷದವರು ಹೇಳಿಕೊಟ್ಟ ಬುದ್ಧಿ. ಒಮ್ಮೆ ಲಿಂಬೆಹಣ್ಣು ಮೂಸುತ್ತ ಕಣ್ಣು ಮುಚ್ಚಿ ಕೂತಿದ್ದಾಗ ಒಬ್ಬ ಹುಡುಗಿ ಹಿಂದಿನಿಂದ ಕೇಳಿದಳು. "ಸರ್, ಬಸ್ ಒಂದ ವೇಗದಾಗ ನೆಟ್ಟಗ ಹೊಂಟ್ರ ಒಳಗ ಕುಂತವರಿಗೆ ಏನೂ ತಿಳಿಯಂಗಿಲ್ಲ ಅಂದಿದ್ರಲ್ರಿ?" ನಾನು ಕಣ್ಣು ತೆರೆಯದೆ, "ಈ ರಸ್ತೆ ಪುಸ್ತಕದಾಗಿಂದಲ್ಲವ್ವಾ" ಎಂದೆ. ಪ್ರಶ್ನೆ ಒಳ್ಳೆಯದಿತ್ತು. ಬಾಯಿ ತೆರೆದು ವಿಸ್ತಾರವಾಗಿ ಉತ್ತರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಭೌತಶಾಸ್ತ್ರ ತಲೆಗೆ ಹತ್ತುವ ಮೊದಲು ಮೈಗೆ ಹತ್ತುತ್ತದೆ ಎನ್ನುವುದು ನನ್ನ ಅನುಭವ. ನಾನು ಶಿರೂರಿನವನು. ಕಾಲೇಜಿಗೆಂದು ಬಾಗಲಕೋಟೆಗೆ ಬಂದಾಗ ಸ್ಟೇಶನ್ನಿನಿಂದ ಟಾಂಗಾ ಹತ್ತಿ, ಪೇಟೆ ನೋಡುವ ಹುರುಪಿನಲ್ಲಿ ಮುಂದೆ ಗಾಡಿಯವನ ಮಗ್ಗುಲಿಗೇ ಕೂತಿದ್ದೆ. ದಾರಿಯಲ್ಲಿ ಯಾರೋ ಹಸಿಹುಲ್ಲು ಮಾರಲು ಕೂತಿದ್ದರು. ಕುದುರೆ ಅದನ್ನು ನೋಡಿ ನಿಂತಿತು. ಕುದುರೆ ನಿಂತದ್ದಕ್ಕೆ ಟಾಂಗಾ ನಿಂತಿತು. ನಾನೊಬ್ಬನೇ ನಿಲ್ಲಲಿಲ್ಲ. ಹುಲ್ಲಿನ ಮೇಲೆ ಬಿದ್ದಿದ್ದ ನನ್ನನ್ನು ಎಬ್ಬಿಸುತ್ತ ಟಾಂಗಾದವನು, "ಗಾಡಿ ನಿಂತರ ನಾವೂ ನಿಂತಂಗಲ್ರಿ, ಹಿಡಕೊಂಡ ಕುಂದ್ರಬೇಕು" ಎಂದ. ಮರುವಾರ ಪ್ರೊಫೆಸರರು ಜಡತ್ವದ ನಿಯಮವನ್ನು ಇಂಗ್ಲಿಷಿನಲ್ಲಿ ಮುಕ್ಕಾಲು ತಾಸು ವಿವರಿಸಿದರು. ಟಾಂಗಾದವನ ವಿವರಣೆಯಲ್ಲಿ ಇರದಿದ್ದದ್ದು ಅದರಲ್ಲೂ ಇರಲಿಲ್ಲ.

ಮೂರನೆಯ ನಿಯಮ ಕಲಿತದ್ದು ಮಲಪ್ರಭೆಯಲ್ಲಿ. ಪಟ್ಟದಕಲ್ಲಿನ ಹತ್ತಿರ ಹರಗೋಲಿನಿಂದ ದಡಕ್ಕೆ ಹಾರಿದೆ. ನಾನು ಮುಂದಕ್ಕೆ ಹೋದೆ, ಹರಗೋಲು ಹಿಂದಕ್ಕೆ ಹೋಯಿತು, ನಡುವೆ ಇದ್ದ ನೀರು ನನ್ನ ಪಾಲಿಗೆ ಬಂತು. ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಇರುತ್ತದೆ ಎಂದು ಅವತ್ತಿನಿಂದ ನಾನು ಎಳ್ಳಷ್ಟೂ ಸಂಶಯಪಡದೆ ನಂಬಿದ್ದೇನೆ.

ಅಲೆಯ ವಿಷಯ ಮಾತ್ರ ಹಾಗಲ್ಲ. ಅದು ನನಗೆ ಬಹಳ ವರ್ಷ ಕಪ್ಪು ಹಲಗೆಯ ಮೇಲಿನ ಹಾವಿನಂಥ ಗೆರೆಯಾಗಿಯೇ ಉಳಿದಿತ್ತು. "ಮಾಧ್ಯಮದ ಕಣಗಳು ತಮ್ಮ ತಮ್ಮ ಜಾಗದಲ್ಲಿಯೇ ಕಂಪಿಸುತ್ತವೆ, ಶಕ್ತಿ ಮಾತ್ರ ಮುಂದಕ್ಕೆ ಸಾಗುತ್ತದೆ." ಈ ವಾಕ್ಯವನ್ನು ನಾನು ಹೇಳುತ್ತಿದ್ದೆ, ಮಕ್ಕಳು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ವಾಪಸು ಕೊಡುತ್ತಿದ್ದರು. ಬಾದಾಮಿಯ ಹೊಂಡದಲ್ಲಿ ಕಲ್ಲೆಸೆದು, ತೇಲುವ ಒಣ ಎಲೆಯನ್ನು ತೋರಿಸಿ, "ನೋಡ್ರಿ, ಅಲೆ ದಂಡಿಗೆ ಬಂತು, ಎಲೆ ಇದ್ದಲ್ಲೇ ಕುಣಿಯಾಕತ್ತೈತಿ" ಎಂದೂ ಹೇಳುತ್ತಿದ್ದೆ. ಆದರೆ ಹೇಳುವುದಕ್ಕೂ ತಿಳಿಯುವುದಕ್ಕೂ ನಡುವೆ ಒಂದು ಹರದಾರಿ ಇದೆ. ಆ ಹರದಾರಿಯನ್ನು ನಾನು ದಾಟಿದ್ದು ಇಳಕಲ್ಲಿನ ಒಂದು ಓಣಿಯಲ್ಲಿ, ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗ. ಅದಕ್ಕಾಗಿ ಒಬ್ಬ ಮುದುಕಿಯನ್ನು ಅರ್ಧ ದಿನ ಅಳಿಸಿದೆ. ಆ ಕತೆಯನ್ನೇ ಹೇಳಬೇಕೆಂದು ಕೂತಿದ್ದೇನೆ, ಟಾಂಗಾ ನಡುವೆ ಬಂತು.

ಆಗ ನನಗೆ ಇಳಕಲ್ಲಿನ ಹೈಸ್ಕೂಲಿನಲ್ಲಿ ನೌಕರಿ. ಮದುವೆ ಆಗಿರಲಿಲ್ಲ. ನೇಕಾರರ ಓಣಿಯಲ್ಲಿ ನೀಲವ್ವ ಎಂಬ ಮುದುಕಿಯ ಮನೆಯ ಪಡಸಾಲೆಗೆ ಹೊಂದಿದ ಒಂದು ಖೋಲಿಯಲ್ಲಿ ಬಾಡಿಗೆಗಿದ್ದೆ. ನೀಲವ್ವನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಸಂಗಪ್ಪ, ಕಿರಿಯವನು ಮಹಾಂತಪ್ಪ. ಇಬ್ಬರೂ ಇಳಕಲ್ ಸೀರೆ ನೇಯುವವರು. ನಾನು ಹೋಗುವ ಎರಡು ವರ್ಷ ಮೊದಲು ಅಣ್ಣ ತಮ್ಮ ಬೇರೆಯಾಗಿದ್ದರು. ಜಗಳ ಯಾಕೆ ಬಂತೆಂದು ಸಂಗಪ್ಪನನ್ನು ಕೇಳಿದರೆ ಒಂದು ಕಾರಣ, ಮಹಾಂತಪ್ಪನನ್ನು ಕೇಳಿದರೆ ಇನ್ನೊಂದು, ಇಬ್ಬರ ಹೆಂಡಂದಿರನ್ನು ಕೇಳಿದರೆ ಇವೆರಡೂ ಅಲ್ಲದ ಮೂರನೆಯದು. ಅಂತೂ ಮನೆಯ ನಟ್ಟನಡುವೆ ಒಂದು ಗೋಡೆ ಎದ್ದಿತ್ತು. ಗೋಡೆಯ ಆಚೆ ಒಂದು ಮಗ್ಗ, ಈಚೆ ಒಂದು ಮಗ್ಗ. ಮುಂದಿನ ಪಡಸಾಲೆಯನ್ನು ಮಾತ್ರ ಹಂಚಿಕೊಂಡಿರಲಿಲ್ಲ, ಯಾಕೆಂದರೆ ಅಲ್ಲಿ ಅವ್ವ ಕೂತಿದ್ದಳು. ಅವಳನ್ನು ಹಂಚುವುದು ಹೇಗೆಂದು ಹಿರಿಯರಿಗೆ ತಿಳಿಯಲಿಲ್ಲ. ಅಣ್ಣ ತಮ್ಮ ಅಂದಿನಿಂದ ಒಂದು ಮಾತೂ ಆಡಿರಲಿಲ್ಲ. ಒಬ್ಬ ಪಡಸಾಲೆಗೆ ಬಂದರೆ ಇನ್ನೊಬ್ಬ ಒಳಗೆ ಹೋಗುತ್ತಿದ್ದ.

ನೀಲವ್ವನಿಗೆ ಯಾವುದೋ ಜ್ವರದಲ್ಲಿ ಕಿವಿ ಪೂರ್ತಿ ಹೋಗಿತ್ತು. ಮೊಣಕಾಲು ಹಿಡಿದು ನಡೆದಾಟವೂ ಕಡಿಮೆಯಾಗಿತ್ತು. ಆ ನಡುಗೋಡೆ ಪಡಸಾಲೆಗೆ ಬಂದು ಮುಗಿಯುವ ಜಾಗದಲ್ಲಿ, ಅದಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತು ರಾಟಿ ತಿರುಗಿಸುತ್ತ ಮಗ್ಗಕ್ಕೆ ಬೇಕಾದ ಕಂಡಿಕೆ ಸುತ್ತುತ್ತಿದ್ದಳು. ಕಂಡಿಕೆ ಎಂದರೆ ಲಾಳಿಯೊಳಗೆ ಇಡುವ ನೂಲಿನ ಸಣ್ಣ ಸುರುಳಿ. ಸುತ್ತಿದ್ದನ್ನು ಒಂದು ಆ ಕಡೆ, ಒಂದು ಈ ಕಡೆ ಇಡುತ್ತಿದ್ದಳು. ನೇಕಾರ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುತ್ತಾನೆ. ಪ್ರತಿ ಎಳೆ ಹಾಕಿದ ಮೇಲೆ ಹಲಗೆಯನ್ನು ಎದೆಯ ಕಡೆ ಎಳೆದು ಬಡಿಯುತ್ತಾನೆ. ಆ ಬಡಿತ ನೆಲಕ್ಕೆ ಇಳಿಯುತ್ತದೆ. ಒಂದು ದಿನ ನೀಲವ್ವ ರಾಟಿ ತಿರುಗಿಸುತ್ತಲೇ, "ಹಿರಿಯಾವ ಇವತ್ತ ಮುನಿಸಿಕೊಂಡಾನ, ಭಾಳ ಜೋರ ಬಡಿಯಾಕತ್ತಾನ" ಎಂದಳು. ನಿಮಗೆ ಹೇಗೆ ಗೊತ್ತು ಎಂದು ನಾನು ಕಿವಿ ಮುಟ್ಟಿ, ಕೈ ತಿರುವಿ ಸನ್ನೆ ಮಾಡಿ ಕೇಳಿದೆ. "ಕಿವಿ ಹೋದ್ರ ಏನಾತು ತಮ್ಮಾ, ಅಂಗಾಲಿಗೆ ಕಿವಿ ಬಂದಾವ. ಸಂಗ್ಯಾಂದು ತಡಾದ ಬಡಿತ, ಮಾಂತ್ಯಾಂದು ಗಡಿಬಿಡಿ ಬಡಿತ. ಎರಡೂ ಬರಾಕತ್ತಾವ ಅಂದ್ರ ಎರಡೂ ಮಕ್ಳು ಚಂದ ಅದಾವ" ಎಂದಳು.

ನಾನು ವಿಜ್ಞಾನದ ಮಾಸ್ತರ. ಇಂಥದ್ದನ್ನು ಸುಮ್ಮನೆ ಕೇಳಿ ಬಿಡಲಾಗುತ್ತದೆಯೇ. ಖೋಲಿಯ ಗೋಡೆಯ ಮಾಡದಲ್ಲಿ ಲೋಟದ ತುಂಬ ನೀರಿಟ್ಟು ನೋಡಿದೆ. ಪ್ರತಿ ಬಡಿತಕ್ಕೆ ನೀರಿನ ಮೇಲೆ ಸಣ್ಣ ಉಂಗುರ ಏಳುತ್ತಿತ್ತು. ಅಣ್ಣ ಹತ್ತು ಸಲ ಬಡಿಯುವಷ್ಟರಲ್ಲಿ ತಮ್ಮ ಹನ್ನೊಂದು ಸಲ ಬಡಿಯುತ್ತಿದ್ದ. ಹೀಗಾಗಿ ಎರಡೂ ಬಡಿತ ಹಿಂದೆ ಮುಂದೆ ಆಗುತ್ತಾ, ಹತ್ತಿರ ಬರುತ್ತಾ, ಒಮ್ಮೆ ಕೂಡಿ ಒಂದೇ ಆಗುತ್ತಿದ್ದವು. ಆಗ ಉಂಗುರ ದೊಡ್ಡದಾಗಿ ನೀರು ಲೋಟದ ಅಂಚಿಗೆ ಬಡಿಯುತ್ತಿತ್ತು. ಮತ್ತೆ ಬೇರೆಯಾಗುತ್ತಿದ್ದವು. ಪುಸ್ತಕದಲ್ಲಿ ಎರಡು ಪುಟ ತಿನ್ನುವ ವಿಷಯ ನನ್ನ ಕುಡಿಯುವ ನೀರಿನಲ್ಲಿ ನಡೆದಿತ್ತು. ಮಾತು ಬಿಟ್ಟ ಅಣ್ಣ ತಮ್ಮ ಹತ್ತು ಬಡಿತಕ್ಕೊಮ್ಮೆ ಗೊತ್ತಿಲ್ಲದೆ ಕೂಡುತ್ತಾರಲ್ಲ ಎಂದು ನನಗೆ ಖುಷಿಯಾಯಿತು. ಆ ಖುಷಿಯಲ್ಲಿ ಹಲವು ದಿನ ನೀರು ಕುಡಿಯುವುದನ್ನೇ ಮರೆತಿದ್ದೆ.

ಆ ವರ್ಷ ಮಳೆಗಾಲ ಮುಗಿದ ಮೇಲೆ ನಡುಗೋಡೆ ಬಿರುಕು ಬಿಟ್ಟಿತು. ಮೊದಲು ಕೂದಲೆಳೆಯಷ್ಟಿತ್ತು, ದೀಪಾವಳಿಯ ಹೊತ್ತಿಗೆ ಕಿರುಬೆರಳು ಹೋಗುವಷ್ಟಾಯಿತು. ತಮ್ಮನ ಹುಚ್ಚು ಬಡಿತದಿಂದ ಗೋಡೆ ಒಡೆಯಿತು ಎಂದು ಸಂಗಪ್ಪ. ಅಣ್ಣ ಎತ್ತು ಗುದ್ದಿದ ಹಾಗೆ ಬಡಿಯುತ್ತಾನೆ, ಅದಕ್ಕೇ ಒಡೆಯಿತು ಎಂದು ಮಹಾಂತಪ್ಪ. ಇಬ್ಬರೂ ಇದನ್ನು ಹೇಳುತ್ತಿದ್ದದ್ದು ಓಣಿಯವರಿಗೆ, ಒಬ್ಬರಿಗೊಬ್ಬರು ಅಲ್ಲ. ಕಡೆಗೆ ಮಹಾಂತಪ್ಪ ಒಂದು ಮಾತು ಹೇಳಿಬಿಟ್ಟ. ಈ ಬಿರುಕು ನಿಲ್ಲದಿದ್ದರೆ ಮಗ್ಗ ಕಿತ್ತುಕೊಂಡು ಹೆಂಡತಿಯ ತವರು ಹುನಗುಂದಕ್ಕೆ ಹೋಗುತ್ತೇನೆ. ನೇಕಾರ ಮಗ್ಗ ಕೀಳುತ್ತೇನೆ ಎಂದರೆ ಅದು ಸಿಟ್ಟಿನ ಮಾತಲ್ಲ, ಅಲ್ಲಿಗೆ ಆ ನೆಲದ ಋಣ ಹರಿಯಿತೆಂದೇ ಲೆಕ್ಕ. ಅವನು ಹೋದರೆ ನೀಲವ್ವನ ಅಂಗಾಲಿಗೆ ಉಳಿಯುವುದು ಒಂದೇ ಬಡಿತ. ಇದು ನನಗೆ ಗೊತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಸಂಕಟವೇ ಆಗಿತ್ತು.

ಓಣಿಯ ಹಿರಿಯರು ಕೂಡಿದಾಗ ಯಾರೋ ಒಬ್ಬರು, "ಸೈನ್ಸ್ ಮಾಸ್ತರ ಮನ್ಯಾಗ ಅದಾರ, ಅವರನ್ನ ಕೇಳ್ರಲಾ" ಎಂದರು. ಹೊಗಳಿದರೆ ಹೊನ್ನಶೂಲಕ್ಕೂ ಏರುವ ಜಾತಿ ನಮ್ಮದು. ಲೋಟ ತಂದು ಪಡಸಾಲೆಯ ಕಟ್ಟೆಯ ಮೇಲಿಟ್ಟೆ. ಇಬ್ಬರಿಗೂ ಒಳಗೆ ಹೋಗಿ ನೇಯಲು ಹೇಳಿದೆ. ಬಡಿತ ಕೂಡಿದಾಗ ನೀರು ಹೇಗೆ ಏಳುತ್ತದೆ ಎಂದು ತೋರಿಸಿದೆ. ಸೈನಿಕರು ಸೇತುವೆಯ ಮೇಲೆ ಹೆಜ್ಜೆ ಕೂಡಿಸಿ ನಡೆಯಬಾರದೆಂದು ಯಾಕೆ ಹೇಳುತ್ತಾರೆ, ಜೋಕಾಲಿಯನ್ನು ಸರಿಯಾದ ಹೊತ್ತಿಗೆ ನೂಕಿದರೆ ಅದು ಯಾಕೆ ಜೋರಾಗಿ ಜೀಕುತ್ತದೆ, ಎಲ್ಲ ಹೇಳಿದೆ. ಅನುರಣನ ಎಂಬ ಶಬ್ದವನ್ನು ಮೂರು ಸಲ ಬಳಸಿದೆ. ತಪ್ಪು ಅಣ್ಣನದೂ ಅಲ್ಲ, ತಮ್ಮನದೂ ಅಲ್ಲ, ಇಬ್ಬರ ಅಲೆಗಳು ಕೂಡುವುದರದ್ದು ಎಂದು ತೀರ್ಪು ಕೊಟ್ಟೆ. ಇದಕ್ಕೆ ಉಪಾಯವೂ ನನ್ನ ಹತ್ತಿರ ಇತ್ತು. ಹದಿನೈದು ದಿನ ಅಣ್ಣ ಮುಂಜಾನೆ ನೇಯಲಿ, ತಮ್ಮ ಮಧ್ಯಾಹ್ನದ ಮೇಲೆ ನೇಯಲಿ. ಬಿರುಕಿನ ಅಡ್ಡ ಕಾಗದದ ಪಟ್ಟಿ ಅಂಟಿಸಿಡೋಣ. ಪಟ್ಟಿ ಹರಿಯದಿದ್ದರೆ ನನ್ನ ಮಾತು ಖರೆ.

ಎಲ್ಲರಿಗೂ ಹಿಡಿಸಿತು. ತಪ್ಪು ಯಾರದೂ ಅಲ್ಲ ಎನ್ನುವ ತೀರ್ಪು ಯಾರಿಗೆ ಬೇಡ. ಒಬ್ಬ ಹಿರಿಯರು ಮಾತ್ರ, "ಮಾಸ್ತರ, ಮಗ್ಗ ಹಿಂಗ ಹೊತ್ತಲ್ಲದ ಹೊತ್ತಿನಾಗ ನಿಂದ್ರಸೂದು ಚಲೋ ಅಲ್ರಿ" ಎಂದರು. ನಾನು ಮುಗುಳ್ನಕ್ಕೆ. ಆ ನಗೆ ನೆನಪಾದರೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ. ಪಟ್ಟಿ ಅಂಟಿಸಿದೆ, ಮೇಲೆ ತಾರೀಖು ಬರೆದೆ, ಅಣ್ಣನಿಗೆ ಹೇಳಿದೆ, ತಮ್ಮನಿಗೆ ಹೇಳಿದೆ, ಓಣಿಗೆಲ್ಲ ಗೊತ್ತಾಯಿತು. ನೀಲವ್ವನಿಗೆ ಯಾರೂ ಹೇಳಲಿಲ್ಲ. ಕಿವಿ ಕೇಳದವಳಿಗೆ ಹೇಗೆ ಹೇಳುವುದು ಎಂಬ ಕಷ್ಟದಿಂದಲ್ಲ. ಹೇಳಬೇಕೆಂದೇ ಯಾರಿಗೂ ಹೊಳೆಯಲಿಲ್ಲ.

ಆ ಓಣಿಯಲ್ಲಿ ಅಮಾವಾಸ್ಯೆಗೆ ಮಗ್ಗ ನೇಯುವುದಿಲ್ಲ. ಅಮಾವಾಸ್ಯೆಯಲ್ಲದ ದಿನ, ಮಗ್ಗದ ಮೇಲೆ ಹಾಸು, ಅಂದರೆ ನೇಯಲು ಉದ್ದಕ್ಕೆ ಹೂಡಿದ ಎಳೆಗಳು, ಇರುವಾಗ ಮಗ್ಗ ನಿಂತಿತೆಂದರೆ ಆ ಮನೆಯಲ್ಲಿ ಸಾವಾಗಿದೆ ಎಂದು ಅರ್ಥ. ಸಾವಿನ ಸುದ್ದಿ ಹತ್ತಿದ ಕೂಡಲೇ ನೆರೆಯವರೂ ಲಾಳಿ ಕೆಳಗಿಟ್ಟು ಏಳುತ್ತಾರೆ. ನೀಲವ್ವನಿಗೆ ಇದು ಬರೀ ಪದ್ಧತಿಯಾಗಿರಲಿಲ್ಲ. ಕಿವಿ ನೆಟ್ಟಗಿದ್ದ ಕಾಲದಲ್ಲಿ ಒಂದು ಮುಂಜಾನೆ ಗಂಡನ ಮಗ್ಗ ಕೇಳಿರಲಿಲ್ಲ. ಕೇಳಿದರೆ, "ಗುಳೇದಗುಡ್ಡಕ್ಕ ಹೋಗ್ಯಾನ, ಬರ್ತಾನ" ಎಂದು ಮನೆಯವರು ಸಂಜೆತನಕ ಮುಚ್ಚಿಟ್ಟಿದ್ದರು. ಸಂಜೆಗೆ ಅವನ ಹೆಣ ಬಂದಿತ್ತು. ಇದು ನನಗೆ ಗೊತ್ತಾದದ್ದು ಆಮೇಲೆ.

ಪ್ರಯೋಗದ ಮೊದಲ ಮುಂಜಾನೆ ನಾನು ಶಾಲೆಗೆ ಹೋದೆ. ಸಂಗಪ್ಪ ನೇಯಲು ಕೂತ. ಮಹಾಂತಪ್ಪನಿಗೆ ಬುದ್ಧಿ ಬಂದಾಗಿನಿಂದ ಮೊದಲ ಸಲ ಒಂದು ಮುಂಜಾನೆ ಪೂರ್ತಿ ಖಾಲಿ ಸಿಕ್ಕಿತ್ತು. ಏನು ಮಾಡುವುದೆಂದು ತಿಳಿಯದೆ ಬಸ್ಸು ಹತ್ತಿ ಹುನಗುಂದಕ್ಕೆ, ಮಾವನ ಮನೆಯ ಹತ್ತಿರ ಮಗ್ಗ ಹೂಡಲು ಜಾಗ ನೋಡಿ ಬರಲು ಹೋದ. ಪಡಸಾಲೆಯಲ್ಲಿ ನೀಲವ್ವ ರಾಟಿ ತಿರುಗಿಸುತ್ತ ಕಾದಳು. ಒಂದೇ ಬಡಿತ ಬರುತ್ತಿತ್ತು. ಕಿರಿಯ ಸೊಸೆ ಶಾಂತವ್ವನನ್ನು ಕರೆದು, "ಮಾಂತ್ಯಾ ಎಲ್ಲೆ?" ಎಂದಳು. ಶಾಂತವ್ವ ಬಸ್ಸು, ಹುನಗುಂದ ಎಂದು ಕೈಯಲ್ಲಿ ತೋರಿಸಿದಳು. ಅದು ನೀಲವ್ವನಿಗೆ ಸರಿಯಾಗಿಯೇ ತಿಳಿಯಿತು. ತಿಳಿದದ್ದೇ ತಪ್ಪಾಯಿತು. "ಹಾಸ ಮಗ್ಗದ ಮ್ಯಾಲೆ ಬಿಟ್ಟು ಯಾವ ನೇಕಾರ ಊರಿಗೆ ಹೋಗ್ತಾನವಾ? ಅವರಪ್ಪನ್ನೂ ನೀವು ಹಿಂಗ ಊರಿಗೆ ಕಳಿಸಿದ್ರಿ" ಎಂದವಳು ರಾಟಿ ದೂಡಿ ಎದೆ ಬಡಿದುಕೊಂಡು ಅಳತೊಡಗಿದಳು.

ಅಳುವ ದನಿ ಕೇಳಿ ಪಕ್ಕದ ಮನೆಯವನು ಲಾಳಿ ಕೆಳಗಿಟ್ಟ. ಅವನ ಮಗ್ಗ ನಿಂತದ್ದಕ್ಕೆ ಅವನ ಆಚೆಯವನು ನಿಲ್ಲಿಸಿದ. ಅದನ್ನು ಕೇಳಿ ಎದುರು ಸಾಲಿನವನು.

ನಾನಾಗ ತರಗತಿಯಲ್ಲಿ, ಹೇಳಿದರೆ ನಂಬುವುದಿಲ್ಲ, ಅಲೆಯ ಪಾಠವನ್ನೇ ಮಾಡುತ್ತಿದ್ದೆ. ಬಾವಿಯ ಹಗ್ಗದ ಒಂದು ತುದಿಯನ್ನು ಕಿಟಕಿಗೆ ಕಟ್ಟಿ ಇನ್ನೊಂದನ್ನು ಜಾಡಿಸುತ್ತಿದ್ದೆ. ಶಾಲೆಗೆ ಓಣಿ ಹತ್ತಿರ. ಮಗ್ಗಗಳ ಸದ್ದು ದಿನವಿಡೀ ಇರುತ್ತಿದ್ದುದರಿಂದ ಅದನ್ನು ನಾವು ಯಾರೂ ಕೇಳುತ್ತಲೇ ಇರಲಿಲ್ಲ. ಅದು ಓಣಿಯ ಒಂದು ತುದಿಯಿಂದ ಕಡಿಮೆಯಾಗುತ್ತ ನಮ್ಮ ಕಡೆ ಬಂದಾಗಲೇ ಕೇಳಿಸಿದ್ದು. ಒಂದೊಂದೇ ಮಗ್ಗ ನಿಲ್ಲುತ್ತ ನಿಲ್ಲುತ್ತ ಶಾಲೆಯ ಗೋಡೆಗೆ ಹತ್ತಿದ ಕೊನೆಯ ಮಗ್ಗವೂ ನಿಂತಿತು. ಯಾರೂ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಿರಲಿಲ್ಲ, ಎಲ್ಲರೂ ತಮ್ಮ ತಮ್ಮ ಕುಣಿಯಲ್ಲೇ ಕೂತಿದ್ದರು. ಆದರೂ ಏನೋ ಒಂದು ಓಣಿಯ ಉದ್ದ ಹಾದು ಬಂತು. ಹಗ್ಗ ಹಿಡಿದ ನನ್ನ ಕೈ ಹಾಗೇ ನಿಂತಿತು. ನೇಕಾರರ ಮನೆಯ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಓಣ್ಯಾಗ ಯಾರೋ ತೀರಿಕೊಂಡಾರ್ರಿ" ಎಂದಳು.

ಓಡಿಕೊಂಡು ಹೋದೆ. ಪಡಸಾಲೆಯ ತುಂಬ ಜನ. ನಡುವೆ ನೀಲವ್ವ. ಜನ ಅವಳನ್ನು ಸಮಾಧಾನ ಮಾಡಿದಷ್ಟೂ ಅವಳ ನಂಬಿಕೆ ಗಟ್ಟಿಯಾಗುತ್ತಿತ್ತು, ಯಾಕೆಂದರೆ ಮೊದಲು ಒಬ್ಬ ಮಗನ ಬಡಿತ ಮಾತ್ರ ಇರಲಿಲ್ಲ, ಈಗ ಸಂಗಪ್ಪನೂ ಎದ್ದು ಬಂದಿದ್ದ, ಓಣಿಯೇ ನಿಂತಿತ್ತು. ಅವಳ ಅಂಗಾಲಿಗೆ ಏನೂ ಬರುತ್ತಿರಲಿಲ್ಲ. "ನನಗ ಮುಚ್ಚಿಡಬ್ಯಾಡ್ರಿ. ನೆಲ ಹೇಳಾಕತ್ತೈತಿ" ಎನ್ನುತ್ತಿದ್ದಳು. ಅವಳ ಅಳುವಿನಿಂದ ಮಗ್ಗ ನಿಂತವು, ಮಗ್ಗ ನಿಂತದ್ದರಿಂದ ಅವಳ ಅಳು ಹೆಚ್ಚಾಯಿತು. ನನ್ನ ಪುಸ್ತಕದಲ್ಲಿ ಇಂಥದ್ದಕ್ಕೆ ಉದಾಹರಣೆ ಇರಲಿಲ್ಲ.

ನನ್ನ ಬುದ್ಧಿಗೆ ಇನ್ನೊಂದು ಉಪಾಯ ಹೊಳೆಯಿತು. ಒಮ್ಮೆ ದಾರಿ ತಪ್ಪಿದ ಪಂಡಿತನಿಗೆ ಉಪಾಯಗಳಿಗೆ ಬರವಿಲ್ಲ. ಮಹಾಂತಪ್ಪನ ಮಗ್ಗದಿಂದ ಬಡಿತ ಬಂದರೆ ಅವಳಿಗೆ ಸಮಾಧಾನವಾದೀತು ಎಂದು ಒಳಗೆ ಹೋಗಿ ನಾನೇ ಕುಣಿಯಲ್ಲಿ ಇಳಿದು ಕೂತೆ. ಕಾಲಿಗೆ ಯಾವುದು ಸಿಕ್ಕಿತೋ ಅದನ್ನು ತುಳಿದೆ, ಹಲಗೆ ಹಿಡಿದು ಎಳೆದು ಬಡಿದೆ. ಆರೆಂಟು ಎಳೆ ಹರಿದವು. ಹೊರಗೆ ಅಳು ಒಂದು ಕ್ಷಣ ನಿಂತಿತು. ನೀಲವ್ವ ನೆಲಕ್ಕೆ ಅಂಗೈ ಊರಿ ನೋಡಿದಳಂತೆ. ಆಮೇಲೆ, "ಇದು ಯಾರೋ ಮಗ್ಗ ಕಾಣದವರ ಕೈ. ನನ್ನ ಮಗನ ಜಾಗಾದಾಗ ಯಾರನ್ನ ಕುಂದ್ರಿಸೀರಿ? ಖರೇನ ಹೋಗ್ಯಾನ ಅವ" ಎಂದು ಮೊದಲಿಗಿಂತ ಜೋರಾಗಿ ಅತ್ತಳು. ನಾನು ಕುಣಿಯಿಂದ ಮೇಲೆ ಬಂದಾಗ ನನ್ನನ್ನು ನೋಡಲು ಯಾರಿಗೂ ಮನಸ್ಸಿರಲಿಲ್ಲ.

ಸಂಗಪ್ಪ ಮಾತ್ರ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದ. "ಮಾಸ್ತರ, ಅವ ಖರೇನ ಹುನಗುಂದಕ್ಕ ಹೋಗ್ಯಾನೇನ್ರಿ? ನೀವು ಕಣ್ಣಿಲೆ ನೋಡೀರೇನು?" ನಾನು ನೋಡಿರಲಿಲ್ಲ. "ಅವ್ವನ ಕಾಲಿಗೆ ಇದತನಕ ಎಂದೂ ಸುಳ್ಳ ಬಂದಿಲ್ರಿ" ಎಂದ. ಎರಡು ವರ್ಷ ತಮ್ಮನ ಹೆಸರೆತ್ತದವನು ನನ್ನ ಸೈಕಲ್ಲನ್ನು ಕೇಳದೆಯೇ ತೆಗೆದುಕೊಂಡು ಹುನಗುಂದದ ದಾರಿ ಹಿಡಿದ.

ನಾನು ನೀಲವ್ವನ ಹತ್ತಿರ ಕೂತೆ. ಅವಳು ನನ್ನ ಮುಂಗೈ ಹಿಡಿದುಕೊಂಡು, "ನೀ ಸಾಲಿ ಕಲಿಸಾವ, ನೀ ಸುಳ್ಳ ಹೇಳಬ್ಯಾಡ" ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಅವಳು ನೀರು ಮುಟ್ಟಲಿಲ್ಲ. ಅಷ್ಟು ಹೊತ್ತು ಸುಮ್ಮನೆ ಕೂತು ನಾನು ಎಂದೂ ಬೆವರಿರಲಿಲ್ಲ.

ಹೊತ್ತು ಇಳಿಯುವಾಗ ಸೈಕಲ್ ಬಂತು. ಸಂಗಪ್ಪ ತುಳಿಯುತ್ತಿದ್ದ, ಹಿಂದೆ ಕ್ಯಾರಿಯರ್ ಮೇಲೆ ಮಹಾಂತಪ್ಪ, ಕಾಲು ನೆಲಕ್ಕೆ ತಾಗದಂತೆ ಮೇಲಕ್ಕೆತ್ತಿಕೊಂಡು ಕೂತಿದ್ದ. ನೀಲವ್ವ ಕಿರಿಯ ಮಗನ ಮುಖ, ಕಿವಿ, ಹೆಗಲು ಎಲ್ಲ ತಡವಿ ನೋಡಿದಳು. ಆಮೇಲೆ ಕೆನ್ನೆಗೆ ಒಂದು ಬಿಟ್ಟಳು. ನ್ಯಾಯಕ್ಕೆ ಕೊರತೆಯಾಗಬಾರದೆಂದು ಹಿರಿಯವನಿಗೂ ಒಂದು ಕೊಟ್ಟಳು. "ಹೋಗು, ಕುಂದ್ರು ಮಗ್ಗಕ್ಕ" ಎಂದಳು. ಮಹಾಂತಪ್ಪ ಮುಖ ಸಹ ತೊಳೆಯದೆ ಒಳಗೆ ಹೋಗಿ, ನಾನು ಹರಿದಿಟ್ಟ ಎಳೆಗಳನ್ನು ಗಂಟು ಹಾಕಿ, ಬಡಿಯತೊಡಗಿದ. ಸಂಗಪ್ಪನೂ ಹೋಗಿ ಕೂತ. ಅವಳು ಕಾಲು ಚಾಚಿ, ಅಂಗೈ ಎರಡನ್ನೂ ನೆಲಕ್ಕೆ ಊರಿ, ಕಣ್ಣು ಮುಚ್ಚಿದಳು. ಪಕ್ಕದ ಮನೆಯ ಮಗ್ಗ ಶುರುವಾಯಿತು, ಅದರ ಆಚೆಯದು, ಎದುರು ಸಾಲಿನದು. ಸದ್ದು ಓಣಿಯುದ್ದ ಹೋಗಿ ಶಾಲೆಯ ಗೋಡೆ ಮುಟ್ಟಿದ್ದು ನನಗೆ ಕೇಳಿಸಿತು.

ದಾರಿಯಲ್ಲಿ ಏನಾದರೂ ಮಾತಾಡಿದಿರಾ ಎಂದು ಆಮೇಲೆ ಸಂಗಪ್ಪನನ್ನು ಕೇಳಿದ್ದೆ. "ಏನ ಮಾತಾಡೂದ್ರಿ, ಗಾಳಿ ಎದರ ಇತ್ತು. ಏರಿನ್ಯಾಗ ಅವ ಇಳದು ದೂಡಿದ" ಎಂದ. ತುಳಿಯುವವನದು ಒಂದು ಬಲ, ದೂಡುವವನದು ಒಂದು ಬಲ, ಎರಡೂ ಒಂದೇ ದಿಕ್ಕಿಗೆ. ಇದನ್ನು ಹಲಗೆಯ ಮೇಲೆ ನಾನು ಎಷ್ಟೋ ಸಲ ಬಾಣದ ಗುರುತು ಹಾಕಿ ತೋರಿಸಿದ್ದೇನೆ, ಬಾಣಕ್ಕೆ ಬೆವರು ಬರುವುದಿಲ್ಲ.

ಗೋಡೆಯ ವಿಷಯ ಉಳಿಯಿತಲ್ಲ. ಮರುದಿನ ಹುಸೇನಸಾಬ ಎಂಬ ಗೌಂಡಿಯನ್ನು ಕರೆಸಿದರು. ಅವರು ನನ್ನ ಕಾಗದದ ಪಟ್ಟಿಯನ್ನು ತಾರೀಖು ಸಹಿತ ಕಿತ್ತೆಸೆದು, ಬುಡದಲ್ಲಿ ಸ್ವಲ್ಪ ಅಗೆದು ನೋಡಿ, "ಇಲ್ಲಿ ಮೊದಲ ಏನಿತ್ತು?" ಎಂದು ಕೇಳಿದರು. ಅಲ್ಲಿ ಅಣ್ಣ ತಮ್ಮಂದಿರ ಅಪ್ಪನ ಮಗ್ಗದ ಕುಣಿ ಇತ್ತು. ಮನೆಯ ನಟ್ಟನಡುವೆ ಇದ್ದ ಅದನ್ನು ಬೇರೆಯಾಗುವ ಅವಸರದಲ್ಲಿ ಬುಟ್ಟಿ ಮಣ್ಣು ಸುರಿದು ಮುಚ್ಚಿ, ಅದರ ಮೇಲೆಯೇ ಗೋಡೆ ಎಬ್ಬಿಸಿದ್ದರು. "ಮಣ್ಣ ಕುಂದರಾಕತ್ತೈತಿ, ಗ್ವಾಡಿ ಜಗ್ಗಾಕತ್ತೈತಿ. ಬಡಿತಕ್ಕೂ ಇದಕ್ಕೂ ಸಂಬಂಧ ಇಲ್ರಿ. ಕುಣಿ ತಗದು ಕಲ್ಲ ತುಂಬಬೇಕು, ಇಬ್ಬರೂ ಕೈ ಹಚ್ರಿ" ಎಂದರು. ನಾನು ಅಲೆ ಎಂದುಕೊಂಡದ್ದು ಬರೀ ಭಾರವಾಗಿತ್ತು. ಕೆಳಗೆ ಬೀಳುವ ವಸ್ತು ಯಾಕೆ ಬೀಳುತ್ತದೆ ಎನ್ನುವುದು ಎಂಟನೆಯ ಇಯತ್ತೆಯ ಪಾಠ, ನಾನು ಕಾಲೇಜಿನ ಪಾಠ ಹುಡುಕಿಕೊಂಡು ಹೋಗಿದ್ದೆ. ಹುಸೇನಸಾಬರು ನನ್ನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು.

ಅಣ್ಣ ತಮ್ಮ ನಾಲ್ಕು ದಿನ ಕಲ್ಲು ತುಂಬಿದರು. ಗೋಡೆ ಮತ್ತೆ ಎದ್ದಿತು. ಅದನ್ನು ಕೆಡವಿ ಒಂದಾದರು ಎಂದು ನಾನು ಹೇಳಿದರೆ ನಿಮಗೆ ಸಂತೋಷವಾದೀತು, ಆದರೆ ಹಾಗೆ ಆಗಲಿಲ್ಲ. ಮಹಾಂತಪ್ಪ ಮಾತ್ರ, ಗೋಡೆ ಒಣಗಲಿ, ಆಮೇಲೆ ಹುನಗುಂದದ ವಿಚಾರ ಮಾಡೋಣ ಎಂದ. ಗೋಡೆ ಒಣಗಿದ ಮೇಲೆ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಆದರೆ ಮನೆಯಲ್ಲಿ ಒಂದು ಹೊಸ ರೂಢಿ ಬಂತು. ಊಟಕ್ಕಾಗಲಿ, ಪೇಟೆಗಾಗಲಿ, ಯಾರು ಮಗ್ಗದಿಂದ ಎದ್ದರೂ ಮೊದಲು ಪಡಸಾಲೆಗೆ ಬಂದು ಅವ್ವನ ಕೈ ಮುಟ್ಟಿ ಮುಖ ತೋರಿಸಿ ಹೋಗಬೇಕು. ಇಬ್ಬರದೂ ಊಟದ ಹೊತ್ತು ಒಂದೇ. ಮಧ್ಯಾಹ್ನ ಇಬ್ಬರೂ ಅವಳ ಎಡಕ್ಕೊಬ್ಬ ಬಲಕ್ಕೊಬ್ಬ ಕೂಡುವಂತಾಯಿತು. ಮೊದಮೊದಲು ಸುಮ್ಮನೆ ಕೂತು ಎದ್ದುಹೋಗುತ್ತಿದ್ದರು. ಒಂದು ದಿನ ಸಂಗಪ್ಪ ಗೋಡೆ ನೋಡುತ್ತ, "ಅವ್ವಾ, ಕೆಂಪ ನೂಲಿನ ಕಂಡಿಕಿ ಅವನ ಹಂತ್ಯಾಕ ಇದ್ರ ಎರಡ ಕೊಡಾಕ ಹೇಳು" ಎಂದ. ಮಹಾಂತಪ್ಪ ಸೂರು ನೋಡುತ್ತ, "ಅವ್ವಾ, ಐದ ಅದಾವ, ತಗೋ ಅನ್ನು" ಎಂದ. ನಡುವೆ ಕೂತ ನೀಲವ್ವ ರೊಟ್ಟಿ ಮುರಿಯುತ್ತಿದ್ದಳು. ಅಂದಿನಿಂದ ಅದೇ ದಾರಿಯಾಯಿತು. "ಅವ್ವಾ, ಅವನ ಮಗಳ ಜ್ವರ ಇಳೀತೇನ ಕೇಳು." "ಅವ್ವಾ, ಇಳದೈತಿ, ದವಾಖಾನಿಗೆ ಹೋಗಿ ಬಂದ್ವಿ ಅಂತ ಹೇಳು." ಒಬ್ಬರ ಮೊಣಕಾಲು ಇನ್ನೊಬ್ಬರಿಗೆ ತಾಗುವಷ್ಟು ಹತ್ತಿರ ಕೂತು, ಒಂದು ಅಕ್ಷರವೂ ಕೇಳದ ಮುದುಕಿಯ ಮೂಲಕ ಅವರು ಊರ ಸುದ್ದಿಯೆಲ್ಲ ಮಾತಾಡಿಕೊಳ್ಳುತ್ತಿದ್ದರು.

ನಾನು ಖೋಲಿಯ ಬಾಗಿಲಲ್ಲಿ ಕೂತು ಇದನ್ನು ನೋಡುತ್ತಿದ್ದೆ. ಮಾತು ಈ ಕಡೆಯಿಂದ ಆ ಕಡೆ ಹೋಗುತ್ತಿತ್ತು, ನಡುವೆ ಇದ್ದವಳು ಇದ್ದ ಜಾಗದಲ್ಲಿಯೇ ಇದ್ದಳು, ಮಾತಿನ ಒಂದು ಚೂರೂ ಅವಳಲ್ಲಿ ಉಳಿಯುತ್ತಿರಲಿಲ್ಲ. ಅವಳು ಅಲ್ಲಿ ಇರದಿದ್ದರೆ ಮಾತು ದಾಟುತ್ತಿರಲಿಲ್ಲ. ಅಷ್ಟು ವರ್ಷ ಬಾಯಿಪಾಠ ಹೇಳಿಸಿದ ಅಲೆಯ ವ್ಯಾಖ್ಯೆ ನನಗೆ ತಿಳಿದದ್ದು ಆಗ. ಆದರೂ ಮಾಸ್ತರಿಕೆಯ ಚಟ ಬಿಡಬೇಕಲ್ಲ. ಒಂದು ಮಧ್ಯಾಹ್ನ ಇಬ್ಬರೂ ಎದ್ದುಹೋದ ಮೇಲೆ ನೀಲವ್ವನ ಹತ್ತಿರ ಹೋಗಿ, ಇಬ್ಬರೂ ನಿಮ್ಮ ಜೊತೆ ಮಾತಾಡುತ್ತಾರೆ, ನಿಮಗೆ ಕೇಳಿಸುವುದಿಲ್ಲ, ಇದನ್ನು ಅವರಿಗೆ ಹೇಳಲೇ ಎಂದು ಬಾಯಿ, ಕಿವಿ, ಒಳಗಿನ ಮಗ್ಗ ಎಲ್ಲವನ್ನೂ ತೋರಿಸಿ ಸನ್ನೆ ಮಾಡಿದೆ.

ಅವಳು ರಾಟಿ ನಿಲ್ಲಿಸಲಿಲ್ಲ. ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು.

"ನನ್ನ ಕಿವಿ ಹೋಗಿದ್ದು ಅವರಿಗೆ ಮರತೈತಿ ತಮ್ಮಾ. ನೀ ನೆನಪ ಮಾಡಿಕೊಡಬ್ಯಾಡ."